ತಿಪಟೂರಿನಿಂದ ಒಂದು ಪ್ಯಾಕೆಟ್ಟೂ ಬರಲಿಲ್ಲ

ದಸರಾ ರಜೆಗೆ ಮಕ್ಕಳೆಲ್ಲ ತುಮಕೂರಿನ ನಮ್ಮ ಮನೆಯಲ್ಲಿ ಸೇರಿದ್ದಾಗ, ಮೂಲೆ ಹಿಡಿದಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಮೈನ್‌ಕ್ರಾಫ್ಟ್ ಎಂಬ ಆಟದ ಜಾವಾ ಆವೃತ್ತಿಯ ಸರ್ವರ್, ಅಂದರೆ ಆಡುವವರೆಲ್ಲ ಬಂದು ಸೇರುವ ಕೇಂದ್ರ, ಹಾಕಿಕೊಟ್ಟಿದ್ದೆ. ಎಲ್ಲರೂ ಒಂದೇ ವೈಫೈಯಲ್ಲಿ ಇದ್ದುದರಿಂದ ಯಾವ ತಕರಾರೂ ಬರಲಿಲ್ಲ. ರಜೆ ಮುಗಿದು ಅಕ್ಕನ ಮಗ ತಿಪಟೂರಿಗೂ ತಮ್ಮನ ಮಗಳು ಶಿರಾಕ್ಕೂ ಹೊರಟ ಮೇಲೆ, ತಾವು ಕಟ್ಟಿದ ಕೋಟೆಯನ್ನು ಅಲ್ಲಿಂದಲೇ ಮುಂದುವರಿಸಬೇಕೆಂದು ಇಬ್ಬರೂ ಹಟ ಹಿಡಿದರು. ಸರ್ವರ್ ಕರೆಗಳಿಗೆ ಕಿವಿಗೊಡುವುದು 25565ನೇ ಟಿಸಿಪಿ ಪೋರ್ಟಿನಲ್ಲಿ, ಅಂದರೆ ಕಂಪ್ಯೂಟರಿನ ಆ ಸಂಖ್ಯೆಯ ಬಾಗಿಲಿನಲ್ಲಿ. ಹೊರಗಿನಿಂದ ಆ ಪೋರ್ಟಿಗೆ ಬಂದದ್ದನ್ನು ಲ್ಯಾಪ್‌ಟಾಪಿಗೆ ಕಳುಹಿಸು ಎಂದು ರೂಟರಿನಲ್ಲಿ ಒಂದು ಪೋರ್ಟ್ ಫಾರ್ವರ್ಡಿಂಗ್ ನಿಯಮ ಬರೆದು, ನಮ್ಮ ಮನೆಯ ಹೊರವಿಳಾಸವನ್ನು ಇಬ್ಬರಿಗೂ ಕಳುಹಿಸಿದೆ. ಸ್ವಲ್ಪ ಹೊತ್ತಿಗೆ ತಿಪಟೂರಿನಿಂದ ಫೋನ್ ಬಂತು: "ಮಾಮ, ಟೈಮ್ಡ್ ಔಟ್ ಅಂತಲೇ ಬರ್ತಾ ಇದೆ."

ಇಂಥ ಸಂದರ್ಭದಲ್ಲಿ ಪರದೆಯ ಮೇಲೆ ಬಂದ ಸಂದೇಶವನ್ನು ಅಕ್ಷರಶಃ ಓದಿಸಿಕೊಳ್ಳುವುದು ಅರ್ಧ ಕೆಲಸ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದಿದ್ದರೆ, ಕೋರಿಕೆ ಯಾವುದೋ ಒಂದು ಯಂತ್ರದವರೆಗೆ ಹೋಗಿ, ಅಲ್ಲಿ ಆ ಪೋರ್ಟಿನಲ್ಲಿ ಕೇಳುವವರು ಯಾರೂ ಇಲ್ಲವೆಂಬ ಉತ್ತರ ಸಾಮಾನ್ಯವಾಗಿ ತಕ್ಷಣವೇ ಮರಳಿದೆ ಎಂದು ತಿಳಿಯಬಹುದು. ‘ಟೈಮ್ಡ್ ಔಟ್’ ಎಂದರೆ ಉತ್ತರವೇ ಇಲ್ಲ. ಕೋರಿಕೆ ದಾರಿಯಲ್ಲಿ ಕಳೆದುಹೋಗಿರಬೇಕು, ಇಲ್ಲವೇ ಯಾವುದೋ ಫೈರ್‌ವಾಲ್ (ಸಂಚಾರವನ್ನು ತಡೆದು ಬಿಡುವ ಕಾವಲು ವ್ಯವಸ್ಥೆ) ಅದನ್ನು ಸದ್ದಿಲ್ಲದೆ ಕೈಬಿಟ್ಟಿರಬೇಕು. ಹಾಗಾಗಿ ಆಟದ ಆವೃತ್ತಿ ಹೊಂದುತ್ತಿಲ್ಲವೇ ಎಂಬ ಅನುಮಾನಕ್ಕೆ ಕಾಲ ಕಳೆಯುವ ಅಗತ್ಯವಿರಲಿಲ್ಲ.

ಒಳಗಿನಿಂದ ಹೊರಕ್ಕೆ ಒಂದೊಂದೇ ಹಂತವನ್ನು ಪರೀಕ್ಷಿಸುತ್ತಾ ಹೋಗುವುದು ನನ್ನ ರೂಢಿ. ಲ್ಯಾಪ್‌ಟಾಪಿನಲ್ಲಿ, ತೆರೆದಿರುವ ಪೋರ್ಟುಗಳ ಪಟ್ಟಿ ಕೊಡುವ ನೆಟ್‌ಸ್ಟ್ಯಾಟ್ ಓಡಿಸಿದಾಗ 25565ರ ಎದುರು ‘ಲಿಸನಿಂಗ್’ ಎಂದಿತ್ತು. ವಿಂಡೋಸ್ ನಮ್ಮ ವೈಫೈಯನ್ನು ‘ಪಬ್ಲಿಕ್’ ವರ್ಗಕ್ಕೆ ಸೇರಿಸಿದ್ದರೂ, ಅದರ ಫೈರ್‌ವಾಲಿನಲ್ಲಿ ಜಾವಾಗೆ ‘ಪಬ್ಲಿಕ್’, ‘ಪ್ರೈವೇಟ್’ ಎರಡೂ ವರ್ಗಗಳಲ್ಲಿ ಅನುಮತಿ ಕೊಟ್ಟಾಗಿತ್ತು. ನಮ್ಮ ಬಡಾವಣೆಯಲ್ಲಿ ಕರೆಂಟು ಹೋಗಿ ಬರುವುದು ಹೊಸತೇನಲ್ಲ. ಹಾಗೆ ಹೋಗಿ ಬಂದಾಗಲೆಲ್ಲ ರೂಟರು ಮನೆಯ ಸಾಧನಗಳಿಗೆ ಹೊಸದಾಗಿ ವಿಳಾಸ ಹಂಚುವ ಸಾಧ್ಯತೆಯಿದ್ದು, ನಿನ್ನೆ ಲ್ಯಾಪ್‌ಟಾಪಿಗಿದ್ದ ವಿಳಾಸ ಇಂದು ಟಿವಿಯ ಪಾಲಾದರೆ ಫಾರ್ವರ್ಡಿಂಗ್ ನಿಯಮ ಆಟದ ಕೋರಿಕೆಗಳನ್ನೆಲ್ಲ ಟಿವಿಗೆ ತಲುಪಿಸುತ್ತಾ ಕೂರುತ್ತದೆ. ಅದಕ್ಕಾಗಿ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ (ಅದರ ಜಾಲ ಯಂತ್ರಾಂಶದ ಗುರುತಿನ ಸಂಖ್ಯೆಗೆ) ಒಂದು ಐಪಿ ವಿಳಾಸವನ್ನು ರೂಟರಿನಲ್ಲಿ ಕಾಯಂ ಮಾಡಿಟ್ಟೆ. ಮನೆಯೊಳಗಿನ ಇನ್ನೊಂದು ಕಂಪ್ಯೂಟರಿನಿಂದ ನಮ್ಮದೇ ಹೊರವಿಳಾಸಕ್ಕೆ ಪ್ರಯತ್ನಿಸಿ ನೋಡೆಂದು ಮಿತ್ರರೊಬ್ಬರು ಹೇಳಿದರು. ಆ ಪರೀಕ್ಷೆಯನ್ನು ನಾನು ನಂಬುವುದಿಲ್ಲ, ಏಕೆಂದರೆ ಒಳಗಿನಿಂದ ಹೊರಟು ತನ್ನ ಹೊರವಿಳಾಸಕ್ಕೇ ಮರಳುವ ಕೋರಿಕೆಯನ್ನು ಎಷ್ಟೋ ರೂಟರುಗಳು ನಿಭಾಯಿಸುವುದೇ ಇಲ್ಲ; ನಿಭಾಯಿಸಿದರೂ ಅದು ಹೊರಗಿನ ದಾರಿಯನ್ನು ತುಳಿದಿರುವುದಿಲ್ಲ. ಹೊರಗಿನವರು ಹೊರಗಿನಿಂದಲೇ ಪ್ರಯತ್ನಿಸಬೇಕು.

ಅಂದು ಸಂಜೆ ಲ್ಯಾಪ್‌ಟಾಪಿನಲ್ಲಿ, ಜಾಲದ ಸಂಚಾರವನ್ನು ಸಾಲುಸಾಲಾಗಿ ತೋರಿಸುವ ವೈರ್‌ಶಾರ್ಕ್ ತೆರೆದು, 25565ನೇ ಪೋರ್ಟಿನ ಸಂಚಾರವನ್ನಷ್ಟೇ ತೋರಿಸುವಂತೆ ಸೋಸಿಟ್ಟುಕೊಂಡೆ. ಮೊದಲು ಮನೆಯ ಇನ್ನೊಂದು ಕಂಪ್ಯೂಟರಿನಿಂದ ಆಟಕ್ಕೆ ಸೇರಿದೆ. ಸಿನ್ ಎಂಬ ಕೋರಿಕೆಯ ಸಾಲು, ಅದರ ಬೆನ್ನಿಗೇ ಸಿನ್-ಆ್ಯಕ್ ಎಂಬ ಒಪ್ಪಿಗೆಯ ಸಾಲು, ಆಮೇಲೆ ಆ್ಯಕ್, ಮತ್ತೆ ದತ್ತಾಂಶದ ಸಾಲುಗಳು ಪಟಪಟನೆ ಪರದೆ ತುಂಬಿದವು. ಎಲ್ಲವನ್ನೂ ಅಳಿಸಿ ತಿಪಟೂರಿನ ಹುಡುಗನಿಗೆ ಫೋನ್ ಮಾಡಿ "ಈಗ ಒತ್ತು" ಎಂದೆ. "ಒತ್ತಿದೆ ಮಾಮ" ಎಂದ. ಪರದೆ ಖಾಲಿ. ಇನ್ನೊಮ್ಮೆ ಒತ್ತಿಸಿದೆ, ಆಗಲೂ ಖಾಲಿ. ಒಳಬರುವ ಪ್ಯಾಕೆಟ್ಟುಗಳನ್ನು, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕುಗಳನ್ನು, ವೈರ್‌ಶಾರ್ಕ್ ಹಿಡಿಯುವುದು ವಿಂಡೋಸ್ ಫೈರ್‌ವಾಲ್ ಅವುಗಳನ್ನು ಮುಟ್ಟುವುದಕ್ಕೆ ಮೊದಲೇ ಆದ್ದರಿಂದ, ಫೈರ್‌ವಾಲ್ ತಡೆದಿದ್ದರೂ ಸಿನ್ ಸಾಲುಗಳಾದರೂ ಕಾಣಿಸಿಕೊಳ್ಳಬೇಕಿತ್ತು. ಒಂದೂ ಇರಲಿಲ್ಲ. ತೊಂದರೆ ಲ್ಯಾಪ್‌ಟಾಪಿನದಲ್ಲ, ಅದರ ಆಚೆಗಿನದು ಎಂಬುದು ಇಲ್ಲಿ ಖಚಿತವಾಯಿತು. ಫೈರ್‌ವಾಲನ್ನೇ ಆರಿಸಿಬಿಡಿ ಎಂದು ಸಲಹೆ ಕೊಡುವವರು ಈ ಪರೀಕ್ಷೆಯನ್ನು ಮೊದಲು ಮಾಡಿಸಿದರೆ ಎಷ್ಟೋ ಕಂಪ್ಯೂಟರುಗಳು ವಿನಾಕಾರಣ ಬಯಲಾಗುವುದು ತಪ್ಪುತ್ತದೆ.

ಆಚೆಗೆ ಇದ್ದದ್ದು ಒಂದಲ್ಲ, ಎರಡು ಪೆಟ್ಟಿಗೆಗಳು. ಫೈಬರ್ ಬಂದು ಸೇರುವ ಕಂಪನಿಯ ಪೆಟ್ಟಿಗೆ ಒಂದು. ಅದರ ವೈಫೈ ಹಿಂದಿನ ಕೋಣೆಗೆ ಮುಟ್ಟುವುದಿಲ್ಲವೆಂದು ನಾನು ಕೊಂಡು ಜೋಡಿಸಿದ ರೂಟರು ಇನ್ನೊಂದು. ನನ್ನ ರೂಟರಿನ ಸ್ಥಿತಿ ಪುಟದಲ್ಲಿ ವ್ಯಾನ್ (WAN) ವಿಳಾಸ, ಅಂದರೆ ರೂಟರಿನ ಹೊರಬದಿಗೆ ಸಿಕ್ಕ ವಿಳಾಸ, 192.168ರಿಂದ ಶುರುವಾಗಿತ್ತು. ಅದು ಖಾಸಗಿ ಜಾಲಗಳಿಗೆ ಮೀಸಲಾದ ವಿಳಾಸ. ಅಂದರೆ ಎರಡೂ ಪೆಟ್ಟಿಗೆಗಳು ವಿಳಾಸ ಬದಲಿಸುವ ಕೆಲಸವನ್ನು ಮಾಡುತ್ತಿದ್ದವು, ಮೊದಲನೆಯದಕ್ಕೆ ನನ್ನ ನಿಯಮದ ಸುಳಿವೇ ಇರಲಿಲ್ಲ. ಕಂಪನಿಯ ಹುಡುಗನನ್ನು ಕರೆಸಿ ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ವಿಳಾಸ ಬದಲಿಸದೆ ಸಂಚಾರವನ್ನು ಸುಮ್ಮನೆ ದಾಟಿಸುವ ಸ್ಥಿತಿಗೆ) ಹಾಕಿಸಿ, ಲಾಗಿನ್ ವಿವರಗಳನ್ನು ನನ್ನ ರೂಟರಿಗೆ ತುಂಬಿದೆ.

ಈಗ ವ್ಯಾನ್ ವಿಳಾಸ 100.80ರಿಂದ ಶುರುವಾಯಿತು. ‘ನನ್ನ ಐಪಿ ಏನು’ ಎಂದು ಹೇಳುವ ಜಾಲತಾಣದಲ್ಲಿ ಮಾತ್ರ ಬೇರೆಯೇ ಸಂಖ್ಯೆ ಇತ್ತು. ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ವಿಷಯ ಬಯಲಾಯಿತು. 100.64.0.0ದಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು 2012ರಲ್ಲಿ ಪ್ರತ್ಯೇಕವಾಗಿ ತೆಗೆದಿಟ್ಟದ್ದೇ ಸೇವಾ ಕಂಪನಿಗಳು ತಮ್ಮ ಗ್ರಾಹಕರ ನಡುವೆ ಒಳಗೊಳಗೇ ಹಂಚಿಕೊಳ್ಳಲಿ ಎಂದು. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಒಟ್ಟು ಇರುವುದೇ ಸುಮಾರು 429 ಕೋಟಿ ವಿಳಾಸಗಳು. ಜಾಗತಿಕ ಕಣಜ ಬರಿದಾದದ್ದು 2011ರ ಫೆಬ್ರುವರಿಯಲ್ಲಿ. ಹೀಗಾಗಿ ಕಂಪನಿ ಒಂದು ಸಾರ್ವಜನಿಕ ವಿಳಾಸದ ಹಿಂದೆ ಅನೇಕ ಮನೆಗಳನ್ನು ಕೂರಿಸುತ್ತದೆ. ಒಂದೇ ಡೋರ್ ನಂಬರಿನ ದೊಡ್ಡ ವಠಾರದಂತೆ ಇದು: ಒಳಗಿನವರು ಬರೆದ ಕಾಗದಕ್ಕೆ ಬಂದ ಉತ್ತರವನ್ನು ಬಾಗಿಲಲ್ಲಿ ಕುಳಿತವನು ಲೆಕ್ಕ ನೋಡಿ ತಲುಪಿಸುತ್ತಾನೆ, ಆದರೆ ಯಾರೂ ಕೇಳದೆ ಹೊರಗಿನಿಂದ ಬಂದ ಕಾಗದ ಯಾವ ಮನೆಯದೆಂದು ತಿಳಿಯದೆ ಅದನ್ನು ಬಿಸಾಡುತ್ತಾನೆ. ನನ್ನ ರೂಟರಿನಲ್ಲಿ ನಾನು ಎಂಥ ನಿಯಮ ಬರೆದರೂ ಹೊರಬಾಗಿಲಿನವನ ಲೆಕ್ಕದ ಪುಸ್ತಕ ನನ್ನ ಕೈಗೆ ಸಿಗುವಂಥದ್ದಲ್ಲ.

ಸಹಾಯವಾಣಿಗೆ ಕರೆ ಮಾಡಿದೆ. "ಸಾರ್, ಪಬ್ಲಿಕ್ ಐಪಿ ಬೇಕಾದ್ರೆ ಪ್ಲಾನ್ ಬದಲಾಯಿಸ್ಬೇಕಾಗುತ್ತೆ" ಎಂದರು. ಮಕ್ಕಳ ಆಟಕ್ಕಾಗಿ ತಿಂಗಳ ಬಿಲ್ಲನ್ನು ಏರಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ. ನಮ್ಮ ಸಂಪರ್ಕದಲ್ಲಿ ಅದು ಇತ್ತು. ಲ್ಯಾಪ್‌ಟಾಪಿಗೆ ತನ್ನದೇ ಸಾರ್ವಜನಿಕ ವಿಳಾಸವೂ ಸಿಕ್ಕಿತ್ತು. ಇಲ್ಲಿ ಫಾರ್ವರ್ಡಿಂಗ್ ಬೇಕಿಲ್ಲವಾದರೂ, ರೂಟರಿನ ಐಪಿವಿ6 ಫೈರ್‌ವಾಲ್ ಹೊರಗಿನಿಂದ ಬರುವುದನ್ನು ತಡೆಯುವುದರಿಂದ ಆ ಒಂದು ಪೋರ್ಟನ್ನು ಬಿಡಿಸಬೇಕಾಯಿತು. ವಿಳಾಸವನ್ನು ಚೌಕ ಆವರಣದಲ್ಲಿ ಬರೆದು ಅದರ ನಂತರ ಪೋರ್ಟ್ ಸಂಖ್ಯೆ ಸೇರಿಸಿ ಕಳುಹಿಸಿದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿದ್ದ ಶಿರಾದ ಹುಡುಗಿ ತಕ್ಷಣ ಒಳಗೆ ಬಂದು "ದೊಡ್ಡಪ್ಪ, ನನ್ನ ಕುದುರೆ ಎಲ್ಲಿ?" ಎಂದು ಕೇಳಿದಳು. ತಿಪಟೂರಿನ ಮನೆಯ ಸಂಪರ್ಕದಲ್ಲಿ ಐಪಿವಿ6 ಇರಲೇ ಇಲ್ಲ. ಸಾಲದ್ದಕ್ಕೆ ನಮ್ಮ ರೂಟರು ಒಮ್ಮೆ ಆರಿ ಹತ್ತಿದಾಗ ವಿಳಾಸದ ಮುಂಭಾಗವೇ ಬದಲಾಗಿ ಶಿರಾದ ದಾರಿಯೂ ಕಡಿಯಿತು.

ಕೊನೆಗೆ ಮೂರೂ ಮನೆಗಳ ಕಂಪ್ಯೂಟರುಗಳಿಗೆ, ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ತಂತ್ರಾಂಶ ಹಾಕಿಸಿದೆ. ಎರಡೂ ಕಡೆಯ ಯಂತ್ರಗಳು ತಾವಾಗಿಯೇ ಹೊರಕ್ಕೆ ಕರೆ ಕಳುಹಿಸಿ, ಆ ಕರೆಯಿಂದ ತೆರೆದ ಕಿಂಡಿಯಲ್ಲೇ ಪರಸ್ಪರ ಸಂಧಿಸುವುದು ಅದರ ಉಪಾಯ. ಅದು ಕೂಡದಿದ್ದರೆ ನಡುವಿನ ಸರ್ವರೊಂದರ ಮೂಲಕ ಸಾಗಿಸುತ್ತದೆ. ತಮಾಷೆಯೆಂದರೆ ಅದು ಸಾಧನಗಳಿಗೆ ಕೊಡುವ ವಿಳಾಸಗಳೂ ಅದೇ 100.64ರ ಗುಂಪಿನವೇ. ಮೊದಲ ದಿನ ತಿಪಟೂರಿನ ಸಂಪರ್ಕ ನಡುವಿನ ಸರ್ವರನ್ನು ಸುತ್ತಿಕೊಂಡು ಬರುತ್ತಿತ್ತು. ಹುಡುಗ ಒಡೆದ ಕಲ್ಲು ಅರೆಕ್ಷಣ ಮಾಯವಾಗಿ ಮತ್ತೆ ಅಲ್ಲೇ ಪ್ರತ್ಯಕ್ಷವಾಗುತ್ತಿತ್ತು. ನನ್ನ ರೂಟರಿನಲ್ಲಿ ಯುಪಿಎನ್‌ಪಿ (ತಂತ್ರಾಂಶಗಳು ತಾವೇ ಕೇಳಿ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆರಿಸಿದ್ದನ್ನು ಮರಳಿ ಹಚ್ಚಿ, ಆ ಹುಡುಗನ ಲ್ಯಾಪ್‌ಟಾಪನ್ನು ಬೇರೊಂದು ಸಂಪರ್ಕಕ್ಕೆ ಜೋಡಿಸಿ ನೋಡಿದಾಗ ‘ಡೈರೆಕ್ಟ್’ ಎಂದು ತೋರಿಸಿತು, ಕಲ್ಲೂ ಒಡೆದಲ್ಲೇ ಒಡೆಯಿತು. ಇವೆರಡರಲ್ಲಿ ಯಾವುದು ಫಲ ಕೊಟ್ಟಿತೆಂದು ಬಿಡಿಸಿ ನೋಡುವಷ್ಟು ತಾಳ್ಮೆ ಹುಡುಗನಿಗಿರಲಿಲ್ಲ. ಬಳಿಕ ರೂಟರಿನ ಫಾರ್ವರ್ಡಿಂಗ್ ನಿಯಮವನ್ನೂ ಐಪಿವಿ6 ಕಿಂಡಿಯನ್ನೂ ತೆಗೆದುಹಾಕಿದೆ, ಸರ್ವರಿನಲ್ಲಿ ವೈಟ್‌ಲಿಸ್ಟ್ (ಒಳಬರಲು ಅನುಮತಿಯಿರುವವರ ಪಟ್ಟಿ) ಹಚ್ಚಿ ನಮ್ಮ ಮಕ್ಕಳ ಹೆಸರನ್ನಷ್ಟೇ ಸೇರಿಸಿದೆ, ಮುಚ್ಚಳ ಮುಚ್ಚಿದರೂ ಲ್ಯಾಪ್‌ಟಾಪು ನಿದ್ರೆಗೆ ಜಾರದಂತೆ ಮಾಡಿದೆ.