ಕುಂಬಾರ ಕಪ್ಪೆ: ಮೂರನೇ ರಾತ್ರಿ

ಕುಂಬಾರ ಕಪ್ಪೆಯ ಪಟ ತೆಗೆಯಲು ಹೋದ ಮೊದಲ ಎರಡು ರಾತ್ರಿ ದಂಡ. ಜೂನ್ ಕೊನೆಗೆ ಶಿರಸಿಯಿಂದ ಕಾರಿನಲ್ಲಿ ಎಸಿ ಹಾಕಿಕೊಂಡು ಹೋದೆ. ಇಳಿದ ಕೂಡಲೇ ಲೆನ್ಸ್ ಪೂರಾ ಮಂಜು, ಒರೆಸಿದಷ್ಟೂ ಮಂಜು. ಎರಡನೇ ಸಲ ಹಳ್ಳಕ್ಕೆ ಇಳಿಯುವುದಕ್ಕೇ ಮಳೆ ಬಿಡಲಿಲ್ಲ. ಭಾವನ ಮನೆ ಜಗಲಿಯಲ್ಲಿ ಕೂತು ಹಲಸಿನ ಹಪ್ಪಳ ತಿಂದು ವಾಪಸ್ ಬಂದೆ.

ಜಾಗ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಕಾಡಿನ ಕಡೆ, ಭಾವನ ಅಡಿಕೆ ತೋಟದ ಕೆಳಗಿನ ಹಳ್ಳ. ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಜೊತೆಗಾರರು 2014ರಲ್ಲಿ ಹೊಸ ಜಾತಿ ಎಂದು ಹೆಸರಿಟ್ಟ ಕಪ್ಪೆ ಇದು. ಹೆಣ್ಣು ನೀರಿನ ಮೇಲಿನ ಕಡ್ಡಿಗೋ ಎಲೆಗೋ ಮೊಟ್ಟೆ ಅಂಟಿಸುತ್ತದೆ. ಆಮೇಲೆ ಗಂಡು ಹಿಂಗಾಲ ಮೇಲೆ ಎದ್ದು ನಿಂತು, ಮುಂಗೈಯಲ್ಲಿ ಕೆಸರು ತೆಗೆದು ಮೊಟ್ಟೆಗೆ ಬಳಿಯುತ್ತದೆ. ಕುಂಬಾರ ಅನ್ನೋ ಹೆಸರು ಅದಕ್ಕೇ. ನನಗೆ ಬೇಕಿರುವುದು ಆ ಒಂದು ಪಟ.

ಜುಲೈ 26, ರಾತ್ರಿ ಎಂಟು. ಈ ಸಲ ಕಾರಿನ ಕಿಟಕಿ ತೆಗೆದೇ ಬಂದೆ, ಲೆನ್ಸ್ ಸರಿಯಾಗಿತ್ತು. ಉಂಬಳ (ಜಿಗಣೆ) ಹತ್ತದಿರಲಿ ಅಂತ ಕಾಲಿಗೆ ತಂಬಾಕು ಹಚ್ಚಿಕೊಳ್ಳುವುದು ನಮ್ಮ ಕಡೆ ರೂಢಿ, ಆದರೆ ಕಪ್ಪೆ ಚರ್ಮದಿಂದಲೇ ನೀರು ಹೀರುವ ಪ್ರಾಣಿ. ಅದರ ಹಳ್ಳದಲ್ಲಿ ತಂಬಾಕು ತೊಳೆಯುವುದು ಬೇಡ ಅನ್ನಿಸಿತು. ದಪ್ಪ ಬಟ್ಟೆಯ ಕಾಲುಚೀಲ ಹಾಕಿದೆ. ಆದರೂ ಎರಡು ಉಂಬಳ ಕುತ್ತಿಗೆಗೆ ಬಂದವು!

ಕೆಂಪು ಟಾರ್ಚಿನಲ್ಲಿ ಒಂದು ಕಡ್ಡಿ ಕಂಡಿತು, ಅದರ ಮೇಲೆ ಕೆಸರು ಮೆತ್ತಿದ ಮೊಟ್ಟೆ. ಕೆಲಸ ಆಗಲೇ ಮುಗಿದಿದೆ ಅಂದುಕೊಂಡೆ. ಪಕ್ಕದಲ್ಲಿ ಇನ್ನೊಂದು ಮೊಟ್ಟೆ ಗೊಂಚಲು ಕೆಸರಿಲ್ಲದೆ ಬರಿಯಾಗಿತ್ತು. ಅಲ್ಲೇ ಬಂಡೆ ಮೇಲೆ ಕೂತೆ. ಮೊದಲ ಪಟದ ತುಂಬಾ ಬಿಳಿ ಚುಕ್ಕೆ, ಫ್ಲ್ಯಾಶ್ ಬೆಳಕು ಮಳೆಹನಿಗೆ ಬಡಿದು ವಾಪಸ್ ಬಂದಿದ್ದು. ಫ್ಲ್ಯಾಶ್ ಬಿಚ್ಚಿ ಎಡಗೈಯಲ್ಲಿ ಪಕ್ಕದಿಂದ ಹಿಡಿದೆ, ಬೆಳಕು ಮೆತ್ತಗಾಗಲಿ ಅಂತ ಅದರ ಮುಂದೆ ಹಾಲಿನ ಕವರಿನ ತುಂಡು. ಫ್ಲ್ಯಾಶ್ ಶಕ್ತಿ ಕಡಿಮೆ, ಲೆನ್ಸಿನ ಕಿಂಡಿ ಸಣ್ಣದು, ಎಫ್ 11.

ಹತ್ತೂವರೆಗೆ ಗಂಡು ಬಂತು. ಎದ್ದು ನಿಂತಿತು. ಸಣ್ಣ ಮನುಷ್ಯ ಗೋಡೆಗೆ ಗಿಲಾವು ಮಾಡಿದ ಹಾಗೆ! ಐದೇ ಪಟ ತೆಗೆದು ನಿಲ್ಲಿಸಿದೆ, ಜಾಸ್ತಿ ಫ್ಲ್ಯಾಶ್ ಹೊಡೆದರೆ ಅದು ಕೆಲಸ ಬಿಟ್ಟು ಹೋದೀತು ಅಂತ.

ನಾಲ್ಕರಲ್ಲಿ ಫೋಕಸ್ ಕಡ್ಡಿ ಮೇಲಿದೆ. ಐದನೆಯದರಲ್ಲಿ ಕೆಸರು ಹಿಡಿದ ಕೈ ಸ್ಪಷ್ಟ, ಕಣ್ಣು ಮಾತ್ರ ಎಲೆಯ ಹಿಂದೆ.

ಬೆಳಿಗ್ಗೆ ಭಾವ ಕೇಳಿದ, "ಕಪ್ಪೆ ಎಂತ ಹೇಳ್ತು?"

ಮುಂದಿನ ಶನಿವಾರ ಬಾ ಅಂದಿದೆ ಅಂದೆ. ಹಪ್ಪಳ ಇನ್ನೂ ಇದೆಯಂತೆ.