ಕುಡಿಯಬಾರದವರು ತಂದ ಎಳನೀರು

ಈ ಮಂಗಳವಾರ ಡಯಾಲಿಸಿಸ್ ಘಟಕದ ಹೊರಗೆ, ಬೇವಿನ ಮರದ ಬುಡದಲ್ಲಿ, ಗೋಣಿಚೀಲದ ತುಂಬ ಎಳನೀರು. ತಂದವರು ನಮ್ಮ ಮನೆಯವರ ಪಕ್ಕದ ಮಂಚದ ಹಿರಿಯರು. ತಿಪಟೂರಿನ ಕಡೆಯವರು, ಬದುಕಿದ್ದೆಲ್ಲ ತೆಂಗಿನ ತೋಟದಲ್ಲೇ. ಮಗ ಮಚ್ಚು ಹಿಡಿದು ಕೆತ್ತುತ್ತಿದ್ದ, ಹಿರಿಯರು ಪಕ್ಕದಲ್ಲಿ ನಿಂತು ಯಾರಿಗೆ ಕೊಡಬೇಕೆಂದು ತೋರಿಸುತ್ತಿದ್ದರು. ಕಾವಲಿನವನಿಗೆ, ಕಸ ಗುಡಿಸುವ ಅಕ್ಕನಿಗೆ, ರೋಗಿಗಳ ಜೊತೆ ಬಂದು ಬೆಂಚಿನ ಮೇಲೆ ಕಾಯುವ ನಮ್ಮಂಥವರಿಗೆ. ಒಳಗೆ ಮಾತ್ರ ಒಂದೂ ಹೋಗಕೂಡದು. "ಅವ್ರು ಕಂಡ್ರೆ ಆಸೆ ಆಯ್ತದೆ, ಪಾಪ" ಅಂದರು. ತಾವೂ ಅವರಲ್ಲೊಬ್ಬರು ಅನ್ನುವುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

ನನ್ನ ಕೈಗೂ ಒಂದು ಬಂತು. ತಡೆಯಲಾಗದೆ ಕೇಳಿಯೇಬಿಟ್ಟೆ. "ನೀವು ಒಂದು ಗುಟುಕೂ ಕುಡಿಯೋ ಹಂಗಿಲ್ಲವಲ್ಲ ಅಪ್ಪಾಜಿ, ಹಂಚೋಕೆ ಮನಸ್ಸು ಹೆಂಗೆ ಬರುತ್ತೆ?"

"ನಾನು ಕುಡೀಬಾರ್ದು ಅಂತ ಮರ ಕಾಯಿ ಬಿಡೋದು ನಿಲ್ಸೈತೇನವ್ವಾ?" ಅಂದರು. "ಕುಡಿ ತಾಯಿ, ಬಿಸ್ಲೈತೆ."

ಅಂದಿನಿಂದ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಾಗ, ರಾತ್ರಿ ನಿದ್ದೆ ಬಾರದಾಗ, ಅದೇ ಮಾತು ಕಿವಿಯಲ್ಲಿದೆ.

ಕಿಡ್ನಿ ಕೈಕೊಟ್ಟವರ ಮನೆಯಲ್ಲಿ ನೀರು ಎಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಮೂತ್ರ ಹೆಚ್ಚುಕಡಿಮೆ ನಿಂತೇ ಹೋದ ಮೇಲೆ ಕುಡಿದದ್ದೆಲ್ಲ ಮೈಯಲ್ಲೇ ಉಳಿಯುತ್ತದೆ. ಮೊದಲು ಕಾಲು ಊದುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಇಳಿದು ಮಲಗಿದರೆ ಉಸಿರು ಕಟ್ಟುತ್ತದೆ. ಕಿಡ್ನಿ ವಾರದ 168 ಗಂಟೆಯೂ ಮಾಡುವ ಕೆಲಸವನ್ನು ರಕ್ತ ಸೋಸುವ ಡಯಾಲಿಸಿಸ್ ಯಂತ್ರ 12 ಗಂಟೆಯಲ್ಲಿ ಮುಗಿಸಬೇಕು, ವಾರಕ್ಕೆ 3 ಸಲ, ಸಲಕ್ಕೆ 4 ಗಂಟೆ. ಹಾಗಾಗಿ ನಮ್ಮಲ್ಲಿ ನೀರಿಗೆ ಅಳತೆಯ ಬಾಟಲಿ ಇದೆ. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಆ ಲೆಕ್ಕಕ್ಕೇ. ಬೇಸಿಗೆಯಲ್ಲಿ ಇವರು ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಅದು ಕರಗುವವರೆಗೆ ಕಣ್ಣು ಮುಚ್ಚಿ ಕೂರುತ್ತಾರೆ. ನಾನು ಅಡುಗೆಮನೆಗೆ ಹೋಗಿ, ಇವರಿಗೆ ಕಾಣದ ಹಾಗೆ ನೀರು ಕುಡಿಯುತ್ತೇನೆ.

ಎಳನೀರು ಅದಕ್ಕಿಂತ ಅಪಾಯ. ಒಂದು ಎಳನೀರಿನಲ್ಲಿ ಬಾಳೆಹಣ್ಣಿನಷ್ಟೋ ಅದಕ್ಕಿಂತ ಹೆಚ್ಚೋ ಪೊಟ್ಯಾಸಿಯಂ ಇರುತ್ತದೆ. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ, ನಿಂತೂ ಹೋಗಬಹುದು. ತರಕಾರಿಯನ್ನೂ ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಬಸಿದೇ ಬಡಿಸಬೇಕು. ತಾವೇ ನೆಟ್ಟು ಬೆಳೆಸಿದ ಮರದ ನೀರು ಆ ಹಿರಿಯರಿಗೆ ಹೀಗೆ ವಿಷವಾಗಿ ಕೂತಿದೆ.

ನಮ್ಮ ಭಾವನವರು ಫೋನು ಮಾಡಿದಾಗಲೆಲ್ಲ ಹೇಳುವುದುಂಟು: ಕಷ್ಟ ಬಂದರೆ ಮನುಷ್ಯ ಪುಟಕ್ಕಿಟ್ಟ ಚಿನ್ನ ಆಗ್ತಾನೆ, ಎಲ್ಲ ಪೂರ್ವಜನ್ಮದ್ದು, ಅನುಭವಿಸಿ ಕಳೀಬೇಕು. ಅವರು ಒಳ್ಳೆಯವರೇ, ಹಣಕ್ಕೂ ಹಿಂದೆ ಮುಂದೆ ನೋಡಿದವರಲ್ಲ. ಆದರೆ ಈ ಘಟಕದ ಬಾಗಿಲು ಒಂದು ದಿನವೂ ದಾಟಿಲ್ಲ. ದಾಟಿದ್ದರೆ ಈ ಮಾತು ಅಷ್ಟು ಸುಲಭಕ್ಕೆ ಬರುತ್ತಿರಲಿಲ್ಲ. ಕಷ್ಟ ಎಲ್ಲರನ್ನೂ ಹಣ್ಣು ಮಾಡುವುದಿಲ್ಲ. ಸಾಲು ಮಂಚಗಳಲ್ಲಿ ಒಂದೇ ಥರದ ಯಂತ್ರ, ಒಂದೇ ಥರದ ಸೂಜಿ. ಒಬ್ಬರು ಹೆಂಡತಿಯ ಮುಖ ಕಂಡರೆ ಉರಿದು ಬೀಳುತ್ತಾರೆ. ಇಪ್ಪತ್ತು ದಾಟದ ಹುಡುಗನೊಬ್ಬ ಯಾರ ಜೊತೆಯೂ ಮಾತಾಡುವುದಿಲ್ಲ. ಅವರನ್ನು ಕಡಿಮೆ ಅನ್ನುವ ಹಕ್ಕು ಯಾರಿಗೂ ಇಲ್ಲ. ನೋವಿಗೆ ಪುಣ್ಯದ ಹೆಸರು ಕೊಡುವುದೇ ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಆ ಹಿರಿಯರ ಎಡತೋಳು ನೋಡಬೇಕು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಅಪಧಮನಿಯನ್ನೂ ಅಭಿಧಮನಿಯನ್ನೂ ಸೇರಿಸಿ ಹೊಲಿದ ಫಿಸ್ಟುಲಾ, ವರ್ಷಗಟ್ಟಲೆ ಚುಚ್ಚಿಸಿಕೊಂಡು ಗಂಟು ಗಂಟಾಗಿ ಉಬ್ಬಿದೆ. ಬೆರಳಿಟ್ಟರೆ ಒಳಗೆ ಝುಮ್ಮೆಂದು ನಡುಗುತ್ತದೆ. ಕಳೆದ ತಿಂಗಳು ಹೊಸದಾಗಿ ಬಂದ ಹುಡುಗಿಯೊಬ್ಬಳು ದಪ್ಪ ಸೂಜಿ ಹಿಡಿದು ಹಿಂಜರಿದಳು. "ಎದರ್ಬೇಡ ಮಗಾ, ನನ್ನ ಕೈ ಮೇಲೇ ಕಲ್ತ್ಕೊ" ಅಂದು ತೋಳು ಚಾಚಿದರು. ಎರಡನೇ ಸಲ ಚುಚ್ಚಬೇಕಾಯಿತು. ಹುಡುಗಿಯ ಕಣ್ಣಲ್ಲಿ ನೀರು, ಅವರು ಅವಳ ಊರು ಯಾವುದೆಂದು ವಿಚಾರಿಸುತ್ತಿದ್ದರು. ಈಗ ಇಡೀ ಘಟಕದಲ್ಲಿ ಅವಳ ಕೈಯೇ ಹಗುರ.

ಅವರಿಗೆ ಈ ಮನಸ್ಸನ್ನು ರೋಗ ಕೊಟ್ಟಿದ್ದಲ್ಲ. ರೋಗ ಕೊಟ್ಟಿದ್ದು ಬಾಯಾರಿಕೆ ಮಾತ್ರ. ಮಿಕ್ಕಿದ್ದನ್ನು ಅವರು ದಿನಾ ಬೆಳಗ್ಗೆ ಎದ್ದು ತಾವೇ ಮಾಡಿಕೊಳ್ಳುತ್ತಿದ್ದಾರೆ. ತನಗೆ ದಕ್ಕದ್ದು ಲೋಕದಲ್ಲಿ ಇನ್ನೂ ಇದೆ, ಇನ್ನೊಬ್ಬರ ಗಂಟಲಲ್ಲಿ ತಂಪಾಗಿ ಇಳಿಯುತ್ತದೆ ಅನ್ನುವುದನ್ನು ಹೊಟ್ಟೆಯುರಿ ಇಲ್ಲದೆ ನೋಡಬಲ್ಲವರು ಎಷ್ಟು ಜನ? ಗಟ್ಟಿ ಆರೋಗ್ಯದ ನಮ್ಮಲ್ಲೇ ಎಷ್ಟು ಜನ?

ಇವರ ಕಿಡ್ನಿ ಹೋಯಿತೆಂದು ಗೊತ್ತಾದ ವರ್ಷ ನಾನು ಎಡೆಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತೆ. ಆಮೇಲೆ ಇನ್ನೊಂದು, ಮತ್ತೊಂದು. ದಾನದ ಕಿಡ್ನಿಗೆಂದು ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ಬರೆಸಿದ್ದೇವೆ, ಸರದಿ ಬಂದಿಲ್ಲ. ನನ್ನ ಕಿಡ್ನಿ ಕೊಡೋಣವೆಂದರೆ ಸಕ್ಕರೆ ಕಾಯಿಲೆಯೆಂದು ವೈದ್ಯರು ಬೇಡವೆಂದರು. ಆ ಸಂಜೆ ದೀಪ ಹಚ್ಚಲಿಲ್ಲ. ಮುಂದೆ ಬಹಳ ಕಾಲ ಹಚ್ಚಲಿಲ್ಲ. ದೇವರ ಕೋಣೆಗೆ ಬೆನ್ನು ಹಾಕಿಯೇ ಮನೆಯಲ್ಲಿ ಓಡಾಡಿದೆ. ಆ ಸಿಟ್ಟು ನ್ಯಾಯವಾದದ್ದೇ ಎಂದು ಇವತ್ತಿಗೂ ನಂಬುತ್ತೇನೆ.

ಮಂಗಳವಾರ ರಾತ್ರಿ ದೀಪ ಹಚ್ಚಿದೆ. ಏನನ್ನೂ ಕೇಳಲಿಲ್ಲ. ಕೇಳುವುದಕ್ಕಿಲ್ಲದೆ ದೇವರ ಮುಂದೆ ಕೂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಹರಕೆಯೆಲ್ಲ ಕೊಡು-ಕೊಳ್ಳುವ ಮಾತಾಗಿತ್ತು. ಇಲ್ಲಿ ಎದುರಿಗೆ ಇಡಲು ಬೇಡಿಕೆಯಿಲ್ಲ, ಸುಮ್ಮನೆ ಅವನಿದ್ದಾನೆ, ನಾನಿದ್ದೇನೆ. ಆ ಹಿರಿಯರ ಮುಖ ಮಾತ್ರ ಕಣ್ಣ ಮುಂದೆ ಬರುತ್ತಿತ್ತು. ಅವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೋ ನಾನು ಕೇಳಿಲ್ಲ.

ಇವರಿಗೆ ಎಳನೀರಿನ ವಿಷಯ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಬುಧವಾರ ಹೇಳಿದೆ. ಇವರು ಏನೂ ಅನ್ನಲಿಲ್ಲ. ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಮುಚ್ಚಿದಾಗಿನಿಂದ ಇವರ ಮಾತೂ ಕಡಿಮೆ, ಘಟಕದಲ್ಲಂತೂ ಗೋಡೆ ಕಡೆ ತಿರುಗಿ ಮಲಗುವವರು. ಗುರುವಾರ ಸೂಜಿ ಹಾಕಿ ಯಂತ್ರ ಶುರುವಾದ ಮೇಲೆ ಆ ಕಡೆಗೆ ಮುಖ ತಿರುಗಿಸಿ, "ಕೊಬ್ಬರಿ ಮಾಡೋಕೆ ಕಾಯಿನ ಅಟ್ಟದ ಮೇಲೆ ಎಷ್ಟು ದಿನ ಬಿಡ್ತೀರಿ?" ಅಂದರು.

"ವರ್ಸ ಹಿಡೀತದೆ ಸ್ವಾಮಿ."

"ಒಳಗೆ ಒಣಗಿದ್ದು ಹೆಂಗೆ ಗೊತ್ತಾಗುತ್ತೆ?"

"ಅಲ್ಲಾಡ್ಸಿದ್ರೆ ಲೊಡಲೊಡ ಅಂತೈತೆ" ಅಂದವರು, ಅಲ್ಲಿಂದ ಸುಳಿ ತಿನ್ನುವ ದುಂಬಿ, ನುಸಿ ರೋಗ, ಕಾಯಿ ಕೀಳುವವರು ಸಿಗದ ಗೋಳು ಎಲ್ಲವನ್ನೂ ಹೇಳುತ್ತಾ ಹೋದರು. ಇವರು ನಡುನಡುವೆ ಪ್ರಶ್ನೆ ಹಾಕುತ್ತಲೇ ಇದ್ದರು. ನಾಲ್ಕು ಗಂಟೆಯಲ್ಲಿ ಒಮ್ಮೆಯೂ ಟೈಮ್ ಎಷ್ಟಾಯ್ತೆಂದು ನನ್ನನ್ನು ಕೇಳಲಿಲ್ಲ.