ಬ್ರಾಂದಿಯ ವಾಸನೆಯನ್ನು ನಂಬಿದ ರಾತ್ರಿ

ಕಳೆದ ವಾರ ನಮ್ಮ ಕ್ಯಾಷುವಾಲಿಟಿಯಿಂದ ಹೋಗಿದ್ದ ಇಂಡೆಂಟು, ಅಂದರೆ ಔಷಧಿಗಳ ಬೇಡಿಕೆ ಪಟ್ಟಿ, ಸ್ಟೋರಿನಿಂದ ವಾಪಸ್ಸು ಬಂದಿತು. ನಲಾಕ್ಸೋನ್ (ಅಫೀಮಿನ ವರ್ಗದ ಔಷಧಿ ಅತಿಯಾಗಿ ಉಸಿರು ನಿಲ್ಲುವವರಿಗೆ ಕೊಡುವ ಮದ್ದು) ಎಂಬ ಸಾಲಿನ ಎದುರು ನಾನು 10 ಆಂಪ್ಯೂಲ್ ಎಂದು ಬರೆದಿದ್ದುದನ್ನು ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ 'ಬಳಕೆ ಇಲ್ಲ, 2 ಸಾಕು' ಎಂದು ಬರೆಯಲಾಗಿತ್ತು. ಆ ಔಷಧಿ ಬೇಕಾದವರು ನಮ್ಮಲ್ಲಿಗೆ ಬರುತ್ತಲೇ ಇದ್ದಾರೆ, ಬಂದಾಗ ನಾವು ಗುರುತಿಸುವುದಿಲ್ಲವಾದ್ದರಿಂದ ಬಳಕೆ ಸೊನ್ನೆಯಾಗಿ ಕಾಣುತ್ತದೆ. ಈ ಮಾತನ್ನು ಇಂಡೆಂಟಿನ ಯಾವ ಕಾಲಮ್ಮಿನಲ್ಲಿ ತುಂಬಬೇಕೆಂದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ದಕ್ಷಿಣ ಕೊಡಗಿನ ಒಂದು ಆಸ್ಪತ್ರೆಯಲ್ಲಿ 14 ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಮುಂದೆ ಹೇಳುವ ಘಟನೆಯಲ್ಲಿ ಗುರುತು ಹಿಡಿಯಬಹುದಾದ ಕೆಲವು ಸಂಗತಿಗಳನ್ನು ಬದಲಿಸಿದ್ದೇನೆ. ಹೆಸರು ಕೇಳುವ ಮೊದಲೇ 'ಯಾವ ಮನೆಯವನು, ಯಾರ ಮಗ' ಎಂದು ಕೇಳುವ ಜಿಲ್ಲೆ ನಮ್ಮದಾದುದರಿಂದ ಅಷ್ಟು ಎಚ್ಚರಿಕೆ ಬೇಕು. ನನ್ನ ತಪ್ಪುಗಳನ್ನು ಮಾತ್ರ ಬದಲಿಸಿಲ್ಲ.

ಅಂದು ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ನೇ ದಿನ. ಮಧ್ಯಾಹ್ನದಿಂದ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಕರೆಂಟು ಎರಡು ಸಲ ಹೋಗಿ ಬಂದಿತ್ತು. ನಮ್ಮ ಅಟೆಂಡರ್ ಅಕ್ಕ ಮನೆಯಿಂದ ಆ ದಿನ ತಿನ್ನುವ ಮದ್ದುಸೊಪ್ಪಿನ ಪಾಯಸವನ್ನು ಸ್ಟೀಲಿನ ಡಬ್ಬಿಯಲ್ಲಿ ತಂದಿದ್ದರು. ಅದನ್ನು ಹಂಚಿಕೊಂಡು ತಿಂದು ನಾವೆಲ್ಲರೂ ನೇರಳೆ ಬಣ್ಣದ ನಾಲಗೆಯವರಾಗಿ ನೈಟ್ ಡ್ಯೂಟಿಗೆ ಕುಳಿತಿದ್ದೆವು. ಹನ್ನೊಂದು ಗಂಟೆಯ ಹೊತ್ತಿಗೆ ಜೀಪೊಂದು ಪೋರ್ಟಿಕೋದೊಳಗೆ ನುಗ್ಗಿ ನಿಂತಿತು. ಇಬ್ಬರು ಹುಡುಗರು ಮೂರನೆಯವನನ್ನು ಕಂಕುಳಿಗೆ ಕೈಹಾಕಿ ಇಳಿಸಿದರು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಒಳ್ಳೆಯ ಶರ್ಟು, ಒಳ್ಳೆಯ ವಾಚು. 'ಕುಡಿದು ಮಲಗಿಬಿಟ್ಟಿದ್ದಾನೆ ಸಿಸ್ಟರ್, ಎಬ್ಬಿಸಿದರೆ ಏಳುತ್ತಿಲ್ಲ' ಎಂದರು. ಹತ್ತಿರ ಹೋಗುತ್ತಿದ್ದಂತೆಯೇ ಬ್ರಾಂದಿಯ ವಾಸನೆ ಮೂಗಿಗೆ ಹೊಡೆಯಿತು. ನನಗೆ ಅಷ್ಟು ಸಾಕಾಯಿತು.

ಇದನ್ನು ಹೊರಗಿನವರು ಅರ್ಥ ಮಾಡಿಕೊಳ್ಳುವುದು ಕಷ್ಟ. ಚಳಿ, ಮಳೆ, ಮದುವೆ, ಹಬ್ಬ ಯಾವುದಿದ್ದರೂ ಗ್ಲಾಸು ಇರುವುದು ನಮ್ಮಲ್ಲಿ ಅನೇಕ ಮನೆಗಳಿಗೆ ಹೊಸತಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಕುಡಿದು ಬಿದ್ದವನನ್ನು ಡ್ರಿಪ್ ಹಾಕಿಸಿ ಬೆಳಿಗ್ಗೆ ಕರೆದುಕೊಂಡು ಹೋಗುವಾಗ ಅವನ ಚಿಕ್ಕಪ್ಪನೇ ನಗುತ್ತಾನೆ, ನಾವೂ ನಗುತ್ತೇವೆ. ತೋಟದ ಲೈನ್ ಮನೆಯ ಕೂಲಿಯವನಾದರೆ ನಗುವುದೂ ಇಲ್ಲ, ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದು ಮುಂದಿನ ಬೆಡ್ಡಿಗೆ ಹೋಗುತ್ತೇವೆ. ಕುಡಿತದಿಂದಲೇ ಯಕೃತ್ತು ಕೆಟ್ಟು ನಮ್ಮ ವಾರ್ಡಿನಲ್ಲಿ ತೀರಿಕೊಂಡವರು ಎಷ್ಟೋ ಮಂದಿಯಿದ್ದರೂ ಕುಡಿತ ಇಲ್ಲಿ ಕ್ಷಮೆಯಿರುವ ತಪ್ಪು.

ಹುಡುಗನನ್ನು ಎಡಮಗ್ಗುಲಿಗೆ ಮಲಗಿಸಿದೆ. ಕುಡಿದವರಿಗೆ ಕೈ ತಾನಾಗಿ ಮಾಡುವ ಕೆಲಸಗಳೆಲ್ಲ ನಡೆದವು: ಲೈನ್, ಡಿಎನ್ಎಸ್, ಥಯಮಿನ್, ಪ್ಯಾನ್, ಎಮ್‌ಸೆಟ್. ಜಿಆರ್‌ಬಿಎಸ್ (ರಕ್ತದ ಸಕ್ಕರೆ) 108. ಬಿಪಿ 100/60. ರಕ್ತದ ಆಕ್ಸಿಜನ್ ಮಟ್ಟ ಹೇಳುವ ಸ್ಯಾಚುರೇಷನ್ ಕಡಿಮೆ, 91 ತೋರಿಸಿತು. ಬೆರಳು ತಣ್ಣಗಿದೆ, ಮಳೆಯಲ್ಲಿ ನೆನೆದಿದ್ದಾನೆ, ಪ್ರೋಬ್ ಹಳೆಯದು ಎಂದು ನನಗೆ ನಾನೇ ಮೂರು ಕಾರಣ ಕೊಟ್ಟುಕೊಂಡೆ. ನಿಮಿಷಕ್ಕೆ ಎಷ್ಟು ಉಸಿರೆಂದು ಬರೆಯುವ ರೆಸ್ಪಿರೇಷನ್ ಎಂಬ ಕಾಲಮ್ಮಿನಲ್ಲಿ 18 ಎಂದು ಬರೆದೆ. ಎಣಿಸಿ ಬರೆದದ್ದಲ್ಲ. ಕ್ಯಾಷುವಾಲಿಟಿಯಲ್ಲಿ ಕೆಲಸ ಮಾಡಿದವರಿಗೆ ಆ 18 ಏನೆಂದು ಗೊತ್ತು. ಯಾರೂ ಎಣಿಸದ ಉಸಿರೆಲ್ಲ ನಮ್ಮ ದಾಖಲೆಗಳಲ್ಲಿ 18 ಆಗಿಯೋ 20 ಆಗಿಯೋ ಇರುತ್ತದೆ. ಅಷ್ಟರಲ್ಲಿ ಸಿಲ್ವರ್ ಓಕ್ ಕೊಂಬೆ ಭುಜದ ಮೇಲೆ ಬಿದ್ದ ತೋಟದ ಕಾರ್ಮಿಕರೊಬ್ಬರು ಬಂದರು. ನಾನು ಅವರ ಕಡೆ ಹೋದೆ.

ಇಪ್ಪತ್ತು ನಿಮಿಷ ಕಳೆದಿರಬೇಕು. ಪೋಸ್ಟಿಂಗಿಗೆ ಬಂದಿದ್ದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಟಾರ್ಚು ಹಿಡಿದು ಬೆಡ್ಡಿನಿಂದ ಬೆಡ್ಡಿಗೆ ಕಣ್ಣಿನ ಪಾಪೆ (ಪ್ಯೂಪಿಲ್) ನೋಡಿ ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಅವಳು ಬಂದು, 'ಸಿಸ್ಟರ್, ಎರಡನೇ ಬೆಡ್ಡಿನವನ ಪ್ಯೂಪಿಲ್ ಸಾಸಿವೆಗಿಂತ ಚಿಕ್ಕದಾಗಿದೆ, ಟಾರ್ಚು ಬಿಟ್ಟರೆ ಏನೂ ಆಗುವುದಿಲ್ಲ' ಎಂದಳು. ಅಂಥ ಪ್ಯೂಪಿಲ್ ಕುಡಿತದಿಂದ ಬರುವುದಿಲ್ಲ. ನಾನು ಎದ್ದು ಓಡಿದೆ. ತುಟಿ ನೀಲಿಯಾಗಿತ್ತು. ಅವನ ಎದೆಯ ಮೇಲೆ ಕೈಯಿಟ್ಟು ಗೋಡೆಯ ಗಡಿಯಾರ ನೋಡುತ್ತ ಮೊದಲ ಬಾರಿಗೆ ಎಣಿಸಿದೆ. ಸೆಕೆಂಡಿನ ಮುಳ್ಳು ಅರ್ಧ ಸುತ್ತು ಬರುವಷ್ಟರಲ್ಲಿ ಎದೆ ಎರಡು ಸಲ ಮಾತ್ರ ಎದ್ದಿತು. ಉಳಿದರ್ಧವನ್ನು ಎಣಿಸುವ ಧೈರ್ಯವಾಗಲಿಲ್ಲ. ಸ್ಯಾಚುರೇಷನ್ 68.

ಕೈಯಿಂದ ಒತ್ತಿ ಉಸಿರು ತುಂಬುವ ಆಂಬು ಬ್ಯಾಗ್ ಹಿಡಿದೆ. ವಿದ್ಯಾರ್ಥಿನಿಗೆ ಆಕ್ಸಿಜನ್ ಜೋಡಿಸಲು ಹೇಳಿದೆ. ಡ್ಯೂಟಿ ರೂಮಿನಿಂದ ಎಂಓ (ವೈದ್ಯಾಧಿಕಾರಿ) ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದವರು ಕಣ್ಣು ನೋಡಿ, 'ಬ್ಯಾಗಿಂಗ್ ನಿಲ್ಲಿಸಬೇಡಿ, ನಲಾಕ್ಸೋನ್ ತೆಗೆಯಿರಿ' ಎಂದರು. ಕ್ರ್ಯಾಶ್ ಟ್ರಾಲಿಯಲ್ಲಿ ಅಡ್ರಿನಾಲಿನ್ ಇತ್ತು, ಅಟ್ರೋಪಿನ್ ಇತ್ತು, ಡೆರಿಫಿಲಿನ್ ಬೇಕಾದಷ್ಟಿತ್ತು. ನಲಾಕ್ಸೋನ್ ಎಂಬ ಲೇಬಲ್ ಅಂಟಿಸಿದ್ದ ಗೂಡಿನಲ್ಲಿ ಯಾರೋ ಹತ್ತಿಯ ಉಂಡೆಗಳನ್ನು ತುಂಬಿಟ್ಟಿದ್ದರು. ಆಪರೇಷನ್ ಥಿಯೇಟರಿನ (ಓಟಿಯ) ಅನಸ್ತೇಷಿಯಾ ಕಪಾಟಿನಲ್ಲಿ ಇರಬಹುದು, ಕಪಾಟಿನ ಬೀಗದ ಕೈ ಓಟಿ ಇನ್‌ಚಾರ್ಜ್ ಸಿಸ್ಟರ್ ಬಳಿ, ಅವರು ಕ್ವಾರ್ಟರ್ಸಿನಲ್ಲಿ, ಅವರ ಮೊಬೈಲಿಗೆ ಆ ಮಳೆಯಲ್ಲಿ ನೆಟ್‌ವರ್ಕ್ ಇಲ್ಲ. ಅಟೆಂಡರ್ ಅಕ್ಕ ಕೊಡೆಯನ್ನೂ ತೆಗೆದುಕೊಳ್ಳದೆ ಹೊರಟರು. ಎಮರ್ಜೆನ್ಸಿ ಔಷಧಿಯನ್ನು ಬೀಗ ಹಾಕಿಟ್ಟು ಅದರ ಬೀಗದ ಕೈಯನ್ನು ನಿದ್ದೆ ಮಾಡುತ್ತಿರುವವರ ಸೊಂಟದಲ್ಲಿಡುವ ವ್ಯವಸ್ಥೆಯನ್ನು ಯಾರು ರೂಪಿಸಿದರೋ ಅವರನ್ನು ಒಂದು ರಾತ್ರಿ ಆಂಬು ಒತ್ತಲು ಕೂರಿಸಬೇಕು.

ಆ ಹೊತ್ತಿನಲ್ಲಿ ನಾನು ಬ್ಯಾಗ್ ಒತ್ತುತ್ತಲೇ ಬಾಗಿಲಲ್ಲಿ ನಿಂತಿದ್ದ ಹುಡುಗರ ಮೇಲೆ ಕೂಗಾಡಿದೆ: 'ಏನು ಕೊಟ್ಟಿದ್ದೀರಿ ಅವನಿಗೆ, ನಿಜ ಹೇಳಿ, ಇಲ್ಲದಿದ್ದರೆ ಈಗಲೇ ಪೊಲೀಸರಿಗೆ ಹೇಳುತ್ತೇನೆ.' ಅವರು 'ಬ್ರಾಂದಿ, ಬ್ರಾಂದಿ' ಎಂದು ಇನ್ನೂ ಹಿಂದಕ್ಕೆ ಸರಿದರು. ಒಬ್ಬ ಜೀಪಿನ ಕಡೆ ಹೊರಟೇಬಿಟ್ಟ. ಎಂಓ ಮಾತ್ರ ಇನ್ನೊಬ್ಬನ ಹತ್ತಿರ ಹೋಗಿ, ಧ್ವನಿ ಏರಿಸದೆ, 'ನಿನ್ನ ಹೆಸರು ನನಗೆ ಬೇಡ, ಮಾತ್ರೆಯ ಹೆಸರು ಹೇಳು' ಎಂದು ಕೇಳಿದರು. ಹುಡುಗ ಪ್ಯಾಂಟಿನ ಜೇಬಿನಿಂದ ಖಾಲಿ ಸ್ಟ್ರಿಪ್ ತೆಗೆದುಕೊಟ್ಟ. ಟಪೆಂಟಡಾಲ್. ವೈದ್ಯರ ಚೀಟಿಯಿಲ್ಲದೆ ಮಾರಬಾರದ, ಅಫೀಮಿನಂತೆ ಕೆಲಸ ಮಾಡುವ ನೋವಿನ ಮಾತ್ರೆ. ಆಮೇಲೆ ಅಳುತ್ತ ಹೇಳಿದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಬೆಡ್ಡಿನಲ್ಲಿದ್ದವನು ಒಂದು ಹನಿಯೂ ಕುಡಿದಿರಲಿಲ್ಲ; ಆಸ್ಪತ್ರೆಗೆ ಹೊರಡುವ ಮುಂಚೆ ಇವರೇ ಅಂಗಡಿಯಿಂದ ಕ್ವಾರ್ಟರ್ ತಂದು ಅವನ ಶರ್ಟಿನ ಮೇಲೆ ಸುರಿದು, ತುಟಿಗೂ ಹಚ್ಚಿದ್ದರು. 'ಕುಡಿದಿದ್ದಾನೆ ಎಂದರೆ ಒಳಗೆ ಸೇರಿಸಿಕೊಳ್ಳುತ್ತೀರಿ, ಇದು ಎಂದರೆ ಮೊದಲು ಪೊಲೀಸರನ್ನು ಕರೆಯುತ್ತೀರಿ ಎಂದುಕೊಂಡೆವು ಡಾಕ್ಟರೇ.'

ಅವರು ಅಂದುಕೊಂಡದ್ದರಲ್ಲಿ ತಪ್ಪೇನಿತ್ತು? ಒಂದು ನಿಮಿಷದ ಹಿಂದೆ ನಾನು ಕೂಗಿದ್ದು ಅದನ್ನೇ.

ಅಕ್ಕ ಒದ್ದೆಯಾಗಿ ಬಂದು ಆಂಪ್ಯೂಲ್ ಕೈಗಿಟ್ಟಾಗ ಒಂಬತ್ತು ನಿಮಿಷ ಆಗಿತ್ತು. 0.4 ಮಿಲಿಗ್ರಾಂ ಐವಿ ಕೊಟ್ಟೆವು. ಮೂರು ನಿಮಿಷ ಕಾದರೂ ಏನೂ ಆಗಲಿಲ್ಲ. ಆ ಮೂರು ನಿಮಿಷಗಳಲ್ಲಿ ಜನರೇಟರ್ ಸದ್ದು ಮತ್ತು ನನ್ನ ಕೈಯ ಬ್ಯಾಗಿನ ಸದ್ದು ಮಾತ್ರ ಕೇಳುತ್ತಿತ್ತು. ಎರಡನೇ ಡೋಸ್ ಹೋದ ಮೇಲೆ ಅವನು ಒಮ್ಮೆ ದೀರ್ಘವಾಗಿ ಉಸಿರೆಳೆದು, ಕಣ್ಣು ತೆರೆದು, ನನ್ನ ಏಪ್ರನ್ನಿನ ಮೇಲೆ ವಾಂತಿ ಮಾಡಿಕೊಂಡು, ನಡುಗುತ್ತ ನನ್ನನ್ನೇ ಬೈದ. ಅಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದರೆ ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಆ ರಾತ್ರಿಯ ದೊಡ್ಡ ತಪ್ಪನ್ನು ನಾನು ಮಾಡಿದ್ದು ಇದಾದ ಮೇಲೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಿ ದಾಖಲಿಸುವ ಕೇಸು, ಆಗಲೇಬೇಕಿತ್ತು, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಫೋನ್ ಇರುವುದು ಕೌಂಟರಿನಲ್ಲಿ, ಕೌಂಟರಿನ ಎದುರು ಸಿಲ್ವರ್ ಓಕ್ ಕೊಂಬೆಯವರ ಜೊತೆ ಬಂದಿದ್ದ ಆರೇಳು ಜನ, ಲೈನು ಕೆಟ್ಟಿದ್ದರಿಂದ ನಾನು ಗಟ್ಟಿಯಾಗಿ ಮಾತನಾಡಬೇಕಾಗಿತ್ತು. 'ಡ್ರಗ್ಸ್ ಕೇಸ್ ಸರ್, ಇಂಥ ಕಡೆಯವನು' ಎಂದು ಠಾಣೆಗೆ ಎರಡು ಸಲ ಹೇಳಿದೆ. ಅದೇ ಹೊತ್ತಿಗೆ ತಂದೆ ತಾಯಿ ಬಾಗಿಲಲ್ಲಿ ಬಂದು ನಿಂತಿದ್ದರು. ತಾಯಿ ಮಗನ ಕಡೆ ನೋಡುವ ಮೊದಲು ಬೆಂಚಿನ ಮೇಲಿದ್ದ ಜನರ ಕಡೆ ನೋಡಿದರು.

ಮುಂದೆ ತಂದೆ ಮಾತನಾಡಿದ್ದೆಲ್ಲ ಲ್ಯಾಬಿನ ಚೀಟಿ ಹಿಡಿದುಕೊಂಡು. ಮೂತ್ರದ ಸ್ಯಾಂಪಲ್ ಕೆಂಪಾಗಿತ್ತು. ಮದ್ದುಸೊಪ್ಪಿನಿಂದಾಗಿ ಕಕ್ಕಡ 18ರಂದು ಲ್ಯಾಬಿಗೆ ಬರುವ ಅರ್ಧದಷ್ಟು ಸ್ಯಾಂಪಲ್‌ಗಳ ಬಣ್ಣ ಅದೇ ಆದುದರಿಂದ ಟೆಕ್ನಿಷಿಯನ್ ತಲೆ ಕೆಡಿಸಿಕೊಳ್ಳಲಿಲ್ಲ. ಮಾರ್ಫಿನ್ ಸ್ಟ್ರಿಪ್ ನೆಗೆಟಿವ್ ಬಂದಿತು. ಅಫೀಮಿನ ವರ್ಗವನ್ನು ಹುಡುಕುವ ಆ ಸ್ಟ್ರಿಪ್ಪಿಗೆ ಕಾರ್ಖಾನೆಯಲ್ಲಿ ತಯಾರಾಗುವ ಟಪೆಂಟಡಾಲ್, ಟ್ರಮಡಾಲ್‌ನಂಥವು ಸಾಮಾನ್ಯವಾಗಿ ಸಿಗುವುದಿಲ್ಲ ಎಂದು ಎಂಓ ವಿವರಿಸಿದರೂ ತಂದೆ, 'ನೆಗೆಟಿವ್ ಎಂದು ನಿಮ್ಮ ಲ್ಯಾಬೇ ಬರೆದುಕೊಟ್ಟಿದೆಯಲ್ಲ' ಎಂದು ಅದನ್ನೇ ಹಿಡಿದುಕೊಂಡರು. ಒಂದು ಗಂಟೆಗೆ ಹುಡುಗನಿಗೆ ಮತ್ತೆ ಮಂಪರು ಬಂದು ಮೂರನೇ ಡೋಸ್ ಕೊಡಬೇಕಾಯಿತು. ನಲಾಕ್ಸೋನಿನ ಕೆಲಸ ಮೂವತ್ತರಿಂದ ತೊಂಬತ್ತು ನಿಮಿಷಗಳಲ್ಲಿ ಇಳಿಯುತ್ತದೆ, ಒಳಗಿರುವ ಮಾತ್ರೆಯ ಕೆಲಸ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಹಾಗಿದ್ದೂ ಎರಡೂವರೆಗೆ, ಊರು ಏಳುವ ಮೊದಲು, ಅವರು ಮಗನನ್ನು ಕರೆದುಕೊಂಡು ಹೋದರು. ನಾನು ವೈದ್ಯರ ಸಲಹೆ ಮೀರಿ ಹೋಗುತ್ತೇವೆಂಬ ಡಾಮಾ ಫಾರಮ್ಮಿನ ಮೇಲೆ ಸಹಿ ಹಾಕಿಸಿಕೊಂಡೆ. ರಾತ್ರಿಯೆಲ್ಲ ಉಸಿರು ಎಣಿಸುತ್ತಿರಿ, ಅಂಗಾತ ಮಲಗಿಸಬೇಡಿ, ಎಬ್ಬಿಸಿದರೆ ಏಳದಿದ್ದರೆ 108ಕ್ಕೆ ಕರೆ ಮಾಡಿ ಎಂಬ ಮೂರು ಮಾತುಗಳನ್ನು ಹೇಳಬೇಕಿತ್ತು. ಹೇಳಲಿಲ್ಲ. ಅವರ ಮೇಲೆ ನನಗೆ ಸಿಟ್ಟು ಬಂದಿತ್ತು, ಸಹಿ ಇದ್ದರೆ ನನ್ನ ಮೇಲೆ ಏನೂ ಬರುವುದಿಲ್ಲ ಎಂದೂ ಅನಿಸಿತ್ತು.

ಹುಡುಗ ಬದುಕಿದ. ಅದು ನನಗೆ ತಿಳಿದದ್ದು ಪುತ್ತರಿ ಸುಗ್ಗಿಹಬ್ಬ ಕಳೆದ ಮೇಲೆ, ಬಿಪಿ ಮಾತ್ರೆಗೆಂದು ತಾಯಿ ಒಪಿಗೆ ಬಂದಾಗ. ಕಫ್ ಕಟ್ಟಿಸಿಕೊಳ್ಳುತ್ತ, ಮುಖ ನೋಡದೆ, ಬಹಳ ಮರ್ಯಾದೆಯಿಂದ ಹೇಳಿದರು: 'ಸಿಸ್ಟರ್, ಆ ದಿನ ನೀವು ಫೋನಿನಲ್ಲಿ ಅಷ್ಟು ಜೋರಾಗಿ ಹೇಳದಿದ್ದರೆ ನಾವು ಬೆಳಗಿನವರೆಗೆ ಇರುತ್ತಿದ್ದೆವು.' ನನ್ನ ಬಳಿ ಉತ್ತರವಿರಲಿಲ್ಲ. ಮೊದಲು ಹರಕೆ ಕಟ್ಟಿದರಂತೆ, ಆಮೇಲೆ ಎಲ್ಲೋ ದೂರದ ಕೇಂದ್ರವೊಂದರಲ್ಲಿ ತಿಂಗಳುಗಟ್ಟಲೆ ಮುಖ ತೋರಿಸದೆ ಕೂಡಿಹಾಕಿದ್ದರಂತೆ, ಹೊರಬಂದ ವಾರದಲ್ಲಿಯೇ ಹಳೆಯ ಲೆಕ್ಕದಲ್ಲಿ ಮಾತ್ರೆ ತೆಗೆದುಕೊಂಡು ಮತ್ತೊಮ್ಮೆ ಸಾಯುವ ಹಂತಕ್ಕೆ ಹೋಗಿದ್ದನಂತೆ. ಬಿಟ್ಟಿದ್ದ ದೇಹಕ್ಕೆ ಹಳೆಯ ಪ್ರಮಾಣ ತಾಳುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಈಗ ಮೈಸೂರಿನಲ್ಲಿ ಮನೋವೈದ್ಯರೊಬ್ಬರ ಬಳಿ ಈ ಚಟಕ್ಕೆ ಕೊಡುವ ಬ್ಯೂಪ್ರೆನಾರ್ಫಿನ್ ಚಿಕಿತ್ಸೆ ನಡೆಯುತ್ತಿದೆ. 'ಇದೂ ಮಾತ್ರೆಯೇ ಅಲ್ಲವೇ' ಎಂದು ತಂದೆ ಇನ್ನೂ ಗೊಣಗುತ್ತಾರಂತೆ. ತಾಯಿಯ ಬಿಪಿ ಮಾತ್ರೆಯನ್ನು ಯಾರೂ ಹಾಗೆ ಕೇಳುವುದಿಲ್ಲ.

ಅಂದಿನಿಂದ ನಾನು ಓದಲು ತೊಡಗಿದೆ. ಮಾದಕ ವಸ್ತುಗಳ 1985ರ ಕಾಯ್ದೆಯಲ್ಲಿ 64ಎ ಎಂಬ ಕಲಮು ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಗೆ ಚಿಕಿತ್ಸೆಗೆ ಬಂದರೆ, ಆ ಚಿಕಿತ್ಸೆಯನ್ನು ಪೂರ್ತಿ ಮಾಡುವ ಷರತ್ತಿನ ಮೇಲೆ, ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಎಂಎಲ್‌ಸಿ ಹೇಗೆ ಬರೆಯಬೇಕೆಂದು ನಮಗೆ ನಾಲ್ಕು ಸಲ ತರಬೇತಿ ಕೊಟ್ಟಿದ್ದಾರೆ, ಈ ಕಲಮನ್ನು ಒಂದು ಸಲವೂ ಯಾರೂ ಹೇಳಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಮದ್ಯಕ್ಕೆ ಅಧೀನರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ. ನಾಚಿಕೆಯೇ ಇಲ್ಲದ ಕುಡಿತದ ಲೆಕ್ಕವೇ ಹೀಗಿದ್ದರೆ, ಬ್ರಾಂದಿ ಸುರಿದು ಮುಚ್ಚಬೇಕಾದ ಚಟದ ಕಥೆ ಏನು?

ಈಗ ಕೌಂಟರಿನ ಫೋನನ್ನು ಒಳಗಿನ ಡ್ರೆಸ್ಸಿಂಗ್ ರೂಮಿಗೆ ಬದಲಿಸಿಕೊಂಡಿದ್ದೇವೆ. ಅದಕ್ಕೆ ಆರು ಅಡಿ ವೈರು ಸಾಕಾಯಿತು, ಅನುಮತಿಗೆ ನಾಲ್ಕು ತಿಂಗಳು ಬೇಕಾಯಿತು. ಟ್ರಾಲಿಯ ಮುಚ್ಚಳದ ಒಳಗೆ ಎರಡು ಆಂಪ್ಯೂಲ್‌ಗಳನ್ನು ಪ್ಲಾಸ್ಟರಿನಿಂದ ಅಂಟಿಸಿದ್ದೇನೆ, ಅವುಗಳ ಪಕ್ಕದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿಯ 14446 ಎಂದು ಬರೆದ ಚೀಟಿಯಿದೆ. ನನ್ನ ಶಿಫ್ಟಿನಲ್ಲಿ ರೆಸ್ಪಿರೇಷನ್ ಕಾಲಮ್ಮಿಗೆ 18 ಬರೆದವರನ್ನು ನನ್ನ ಮುಂದೆಯೇ ಮತ್ತೆ ಎಣಿಸಲು ಹೇಳುತ್ತೇನೆ, ಆ ಕಾರಣಕ್ಕೆ ನನಗೊಂದು ಅಡ್ಡಹೆಸರೂ ಬಿದ್ದಿದೆ.

ಮೊನ್ನೆ ಮಂಗಳವಾರ, ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ಕಿನ ದಿನ, ಒಪಿ ಕಿಟಕಿಯ ಹೊರಗೆ ಒಬ್ಬ ಹುಡುಗ ಬಹಳ ಹೊತ್ತು ಮಳೆಗೆ ನೆನೆಯುತ್ತ ನಿಂತಿದ್ದ. ಅಂದು ಸ್ಟ್ರಿಪ್ ತೆಗೆದುಕೊಟ್ಟವನು. ಕೈಯಲ್ಲಿ ನಡುಕ, ಮೂಗು ಸೋರುತ್ತಿತ್ತು. ನನ್ನನ್ನು ಕಂಡು ಹೊರಡಲು ತಿರುಗಿದವನು ಮತ್ತೆ ಬಂದು, 'ಚೀಟಿಯಲ್ಲಿ ಏನೆಂದು ಬರೆಯುತ್ತೀರಿ ಸಿಸ್ಟರ್?' ಎಂದು ಕೇಳಿದ. ಕ್ಲಾರ್ಕಿನ ಕೈಯಿಂದ ಪೆನ್ನು ತೆಗೆದುಕೊಂಡು 'ನಿದ್ರೆ ಬರುವುದಿಲ್ಲ' ಎಂದು ಬರೆದೆ. ಅದು ಸುಳ್ಳೂ ಆಗಿರಲಿಲ್ಲ; ಬಿಟ್ಟ ಎರಡನೆಯ ದಿನ ಯಾರಿಗೆ ನಿದ್ರೆ ಬರುತ್ತದೆ? ಉಳಿದದ್ದನ್ನು ಬಾಗಿಲು ಹಾಕಿಕೊಂಡು ಡಾಕ್ಟರಿಗೆ ಹೇಳು ಎಂದೆ. ಚೀಟಿಯನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡು, ಬೆಂಚಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತ. ಅವನ ಮುಂದೆ ಹನ್ನೊಂದು ಜನರಿದ್ದರು.